ಕಣ್ಣು ಮುಚ್ಚಿ ದಾಟಿದ ಕೃಷ್ಣೆ

ನೀರಿಗೆ ಹೆದರುವವನು ನೀರಿನ ಮೇಲಿನ ಕೆಲಸ ಹಿಡಿಯಬಾರದು. ಇದು ಗೊತ್ತಿದ್ದೂ ನಾನು ಪಶು ಆಸ್ಪತ್ರೆಯ ಕಾಂಪೌಂಡರ್ ಆಗಿ ಹದಿನೆಂಟು ವರ್ಷ ಮಾಗನೂರು ಕಡೆಯ ಕೃಷ್ಣೆಯ ನಡುಗಡ್ಡೆಗಳಿಗೆ ಹರಗೋಲಿನಲ್ಲಿ ಓಡಾಡಿದ್ದೇನೆ. ಓಡಾಡಿದ್ದೇನೆ ಎನ್ನುವುದಕ್ಕಿಂತ, ನನ್ನನ್ನು ಸಾಮಾನಿನಂತೆ ಸಾಗಿಸಿದ್ದಾರೆ ಎನ್ನುವುದೇ ಸರಿ. ಬೇಸಿಗೆಯಲ್ಲಿ ಮೇವಿಗೆಂದು ಅಲ್ಲಿ ಕುರಿ ಬಿಡುತ್ತಾರೆ. ಮಳೆ ಹಿಡಿಯುವ ಮೊದಲು ಅವಕ್ಕೆ ರೋಗ ತಡೆಯುವ ಸೂಜಿ ಹಾಕಬೇಕು. ಹರಗೋಲು ದಡ ಬಿಟ್ಟಿತೋ, ನಾನು ಔಷಧಿಯ ಐಸ್ ಡಬ್ಬಿ ತಬ್ಬಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದೆ. ತಳ ಮರಳಿಗೆ ತಾಗಿ ಗರಕ್ ಎಂದಾಗಲೇ ತೆರೆಯುತ್ತಿದ್ದೆ. ಹರಗೋಲು ನಡೆಸುವ ತಾಯಪ್ಪ ಇದನ್ನು ಧ್ಯಾನವೆಂದು ತಿಳಿದು, ದಾರಿಯುದ್ದಕ್ಕೂ ನನ್ನನ್ನು ಮಾತಾಡಿಸುತ್ತಲೇ ಇರಲಿಲ್ಲ. ಆದರೆ ಸಂಜೆ ಮಕ್ತಲ್‌ನ ಮನೆಯಲ್ಲಿ ಚಹಾ ಕುಡಿಯುತ್ತ ನನ್ನ ಹೆಂಡತಿ ಈರಮ್ಮನಿಗೆ ನಾನು ವರ್ಣಿಸುತ್ತಿದ್ದ ನದಿಯೇ ಬೇರೆ. ಅದರಲ್ಲಿ ಸುಳಿಗಳಿದ್ದವು, ಮೊಸಳೆಗಳಿದ್ದವು, ಅವುಗಳ ನಡುವೆ ಹುಟ್ಟು ಹಿಡಿದು ನಿಂತ ನಾನಿದ್ದೆ.

ಈರಮ್ಮ ಧನ್ವಾಡದ ಕಡೆಯವಳು. ಕೆರೆ ತುಂಬಿದರೆ ಜನ ಸೋಜಿಗವೆಂದು ನೋಡಲು ಹೋಗುತ್ತಿದ್ದ ಒಣ ಊರು ಅವಳದು. ಹೋದ ವರ್ಷ ಮುಂಗಾರಿನ ಮಿರಗದ ಗಾಳಿ ಶುರುವಾದ ಹೊತ್ತಿಗೆ, "ಏನ್ರಿ, ಈ ಸಲ ನನ್ನೂ ಕರಕೊಂಡು ಹೋಗ್ರಿ. ನೀವು ಹುಟ್ಟು ಹಾಕೋದು ನೋಡಬೇಕು" ಎಂದು ಹಟ ಹಿಡಿದಳು. ಸರಕಾರಿ ಕೆಲಸ, ಹೆಂಗಸರು ಬರಂಗಿಲ್ಲ ಎಂದೆ. "ಕುರಿಯೊಳಗ ಹೆಣ್ಣು ಇಲ್ಲೇನು?" ಎಂದಳು. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನನಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ದಡದಲ್ಲಿ ತಾಯಪ್ಪ ಒಬ್ಬನೇ ಇದ್ದ. "ಡಾಕ್ಟ್ರ, ಜೋಡಿ ಹುಟ್ಟು ಹಾಕೋ ನಮ್ಮ ತಮ್ಮಗ ಜ್ವರ ಬಂದಾವ್ರಿ. ಗಾಳಿ ಜೋರೈತಿ, ನನ್ನೊಬ್ಬನ ಕೈಲೆ ಆಗಂಗಿಲ್ಲ. ಇವತ್ತ ನೀವು ಒಂದು ಹುಟ್ಟು ಹಿಡೀಬೇಕ್ರಿ" ಎಂದ. ನಾಳೆ ಬರೋಣ ಎನ್ನುವಂತಿರಲಿಲ್ಲ. ಮೂರನೆಯ ಗಡ್ಡೆಯಲ್ಲಿ ಆಗಲೇ ಕುರಿಗಳು ಸಾಯತೊಡಗಿದ್ದವು. ಕುರುಬರು ಬೆಳಗಿನಿಂದ ಫೋನ್ ಮಾಡುತ್ತಿದ್ದರು. ಸಂಜೆಯಾದರೆ ಡಬ್ಬಿಯ ಐಸು ಕರಗಿ ಔಷಧಿ ಹಾಳು. ಈರಮ್ಮ ಆಸೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. "ಡಬ್ಬಿ ಬಿಡಾಕ ಬರಂಗಿಲ್ಲ ತಾಯಪ್ಪ, ಸರಕಾರಿ ಆಸ್ತಿ" ಎಂದೆ. ನನ್ನ ದನಿ ನನಗೇ ಕುರಿಮರಿಯ ದನಿಯಂತೆ ಕೇಳಿಸಿತು. ಈರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಕೊಡಪಾ ಇತ್ತ" ಎಂದು ಹುಟ್ಟಿಗೆ ಕೈ ಚಾಚಿದಳು.

ಮುಂದಿನದನ್ನು ನಾನು ಕಿವಿಯಿಂದ ಮಾತ್ರ ಬಲ್ಲೆ. ಹರಗೋಲು ಮೊದಲು ಬುಗುರಿಯಂತೆ ಸುತ್ತಿತು. "ತಳ್ಳಬ್ಯಾಡ್ರಿ ಅಕ್ಕಾರ, ನೀರು ನಿಮ್ಮ ಕಡೆ ಎಳಕೋರಿ" ಎಂದ ತಾಯಪ್ಪ. ಸ್ವಲ್ಪ ಹೊತ್ತಿಗೆ ಸುತ್ತುವುದು ನಿಂತಿತು. "ಮೊದಲು ಹುಟ್ಟು ಹಿಡಿದೀರೇನ್ರಿ?" "ಇಲ್ಲಪಾ. ಮದುವ್ಯಾಗ ಇಡೀ ಊರಿಗೆ ಆಗೋವಷ್ಟು ಜೋಳದ ಹಿಟ್ಟಿನ ಸಂಗಟಿ ತಿರುವೀನಿ. ಅದಕ್ಕಿಂತ ಈ ನೀರು ಹಗೂರ ಐತಿ." ದಾರಿಯಲ್ಲಿ ಸಿಗುವ ಎರಡು ಗಡ್ಡೆಗಳಲ್ಲಿ ಸೂಜಿ ಹಾಕಿ ಮುಗಿಸಿದೆವು. ನೆಲದ ಮೇಲೆ ನಾನು ಹುಲಿಯೇ.

ಮೂರನೆಯ ಗಡ್ಡೆಗೆ ಹೋಗುವಾಗ ನದಿಯ ಸೆಳೆತ ನಮ್ಮನ್ನು ಬಂಡೆಗಳ ಕಡೆ ಎಳೆಯತೊಡಗಿತು. "ಅಕ್ಕಾರ, ಹುಟ್ಟಿಗೆ ಇದು ಬಗ್ಗಂಗಿಲ್ಲ! ಗಾಳಿ ಗಡ್ಡೆ ಕಡೆ ಹೊಂಟೈತಿ, ತಾಡಪತ್ರಿ ಎತ್ತಿ ಹಿಡೀರಿ, ಗಾಳೀನ ದಾಟಿಸ್ತೈತಿ!" ಎಂದು ತಾಯಪ್ಪ ಕೂಗಿದ. ಮಳೆಗೆಂದು ಮಡಚಿಟ್ಟಿದ್ದ ಪ್ಲಾಸ್ಟಿಕ್ ತಾಡಪತ್ರಿ ಪಟಪಟ ಬಡಿದುಕೊಂಡಿತು. ಒಬ್ಬರ ಕೈಗೆ ಅದು ನಿಲ್ಲುವಂತಿರಲಿಲ್ಲ. ಆಗ ಈರಮ್ಮನ ದನಿ ಕೇಳಿತು. "ಏನ್ರಿ, ಡಬ್ಬಿ ಬಿಡ್ರಿ, ಈ ತುದಿ ಹಿಡೀರಿ. ಮೊದಲು ಕಣ್ಣು ತೆರೀರಿ!"

ತೆರೆದೆ. ಎದುರಿಗೆ ಈರಮ್ಮ ಕಾಲು ಅಗಲಿಸಿ ನಿಂತಿದ್ದಳು. ಅವಳ ತಲೆಯ ಮೇಲೆ ನೀಲಿ ತಾಡಪತ್ರಿ ಗಾಳಿ ತುಂಬಿ ಉಬ್ಬಿತ್ತು. ಡಬ್ಬಿ ಬಿಟ್ಟು ಒಂದು ತುದಿ ಹಿಡಿದೆ. ಹರಗೋಲು ಒಮ್ಮೆ ತಡವರಿಸಿ, ಆಮೇಲೆ ಜಾರಿತು ನೋಡಿ! ಕರಿಬಂಡೆಗಳು ಮಾರು ದೂರದಲ್ಲಿ ಹಾದುಹೋದವು. ಅವುಗಳಾಚೆ ನದಿ ಒಮ್ಮೆಲೇ ಬಯಲಾಯಿತು. ಅಷ್ಟು ನೀರು, ಅಷ್ಟು ಬೆಳಕು ಒಂದೇ ಕಡೆ ಇರಬಹುದೆಂದು ನನಗೆ ತಿಳಿದಿರಲಿಲ್ಲ. ಹಸಿರು ಗಡ್ಡೆಗಳು ನೀರಿನ ಮೇಲೆ ಮಲಗಿದ ಎಮ್ಮೆಗಳಂತೆ ಸಾಲಾಗಿದ್ದವು. ಹತ್ತಿರದಲ್ಲೇ ಆರೇಳು ಕಂದು ತಲೆಗಳು ಎದ್ದವು. ನೀರುನಾಯಿಗಳು! ಒಂದು ತಾಯಿ ತನ್ನ ಮರಿಯ ಕತ್ತನ್ನು ಕಚ್ಚಿಕೊಂಡು, ಇವರು ಯಾರಪ್ಪ ಎಂಬಂತೆ ನಮ್ಮನ್ನು ನೋಡಿತು. ಈರಮ್ಮ ಉಸಿರು ಬಿಗಿಹಿಡಿದಿದ್ದಳು. ನನ್ನ ಕಣ್ಣಲ್ಲಿ ಯಾಕೋ ನೀರು ಬಂತು. "ಡಾಕ್ಟ್ರು ಧ್ಯಾನದಾಗ ಇವನ್ನ ದಿನಾ ನೋಡ್ತಾರ ಅಕ್ಕಾರ" ಎಂದ ತಾಯಪ್ಪ. ಈರಮ್ಮ ತಾಡಪತ್ರಿಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮೂರನೆಯ ಗಡ್ಡೆಯ ಕುರಿಗಳಿಗೆ ಸೂಜಿ ಬಿತ್ತು. ಗಾಳಿಗೆ ಎದುರಾಗಿ ಹಿಂದಿರುಗುವಂತಿರಲಿಲ್ಲ; ಆಚೆಯ ಗದ್ವಾಲ್ ಕಡೆಯ ದಡ ಹತ್ತಿ ಮನೆಗೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ಬೊಬ್ಬೆ ಎದ್ದ ಅವಳ ಅಂಗೈಗಳನ್ನು ನೋಡುತ್ತ ನಾನು ಎಚ್ಚರವಿದ್ದೆ.

ಮರುದಿನ ಪಕ್ಕದ ಮನೆಯ ಸಂಗಮ್ಮ ಬಂದು, "ಅಷ್ಟು ನೀರಾಗ ಅಂಜಿಕಿ ಬರಲಿಲ್ಲೇನವಾ?" ಎಂದು ಕೇಳಿದರು. ಈರಮ್ಮ ಅಂಗೈಗೆ ಎಣ್ಣೆ ಸವರಿಕೊಳ್ಳುತ್ತ, "ಇವರು ಜೋಡಿ ಇದ್ದಾಗ ಎಂಥಾ ಅಂಜಿಕಿ?" ಎಂದಳು. ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. "ನೀರಿನ ತೆರಿ ಇಷ್ಟೆತ್ತರ ಇದ್ದವ್ರಿ" ಎಂದು ಕೈಯನ್ನು ತಲೆಯ ಮೇಲೆ ಎತ್ತಿದೆ. ಈರಮ್ಮ ನನ್ನನ್ನು ನೋಡಿದಳು. ಕೈಯನ್ನು ಎದೆಗೆ ಇಳಿಸಿದೆ. ಇನ್ನೂ ನೋಡಿದಳು. ಮೊಣಕಾಲಿಗೆ ಇಳಿಸಿದೆ. ಕೊನೆಗೆ, "ಖರೆ ಹೇಳಬೇಕಂದ್ರ, ನಾನು ಕಣ್ಣು ಮುಚ್ಚಿ ಕುಂತಿದ್ದೆ. ಹುಟ್ಟು ಹಾಕಿ ದಾಟಿಸಿದಾಕಿ ಈಕೀನ" ಎಂದೆ.

ಸಂಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಹೆಂಡ್ತಿ ಮ್ಯಾಲೆ ಎಷ್ಟು ಪ್ರೀತಿ ನೋಡವಾ! ಆಕೀನ್ನ ದೊಡ್ಡಾಕಿ ಮಾಡಾಕ ಎಂಥಾ ಸುಳ್ಳು ಹೇಳ್ತಾರ!"

ನಾನೂ ಹೆಚ್ಚು ವಾದ ಮಾಡಲಿಲ್ಲ.