ಅತ್ತಿಯವರ ಹೀರಿಬಳ್ಳಿಯ ಫಜೀತಿಗಳು

ಬ್ಯಾರೆ ಮನಿಯೊಳಗ ಹಿರಿಯರನ್ನ ಕೇಳಿ ಕೆಲಸಾ ಮಾಡತಾರ. ನಮ್ಮ ಮನಿಯೊಳಗ ಹಿರಿಯರೇ ಮುಗಿಲ ಚಂದ್ರನ್ನ ಕೇಳತಿದ್ದರು. ಅಂದಮ್ಯಾಲೆ ದಿನಕ್ಕೊಂದು ಫಜೀತಿ ಆಗದ ಇರತದೇನು?

ಆಗಿನ್ನೂ ಬ್ರಿಟಿಷರ ರಾಜ್ಯ. ನಮ್ಮನಿಯವರಿಗೆ ಪುಣೆ ಕ್ಯಾಂಪಿನ ಕಚೇರಿಯೊಂದರಾಗ ಕಾರಕೂನಿಕಿ. ಸದಾಶಿವ ಪೇಠದಾಗ ನಾಕಾರು ಬಿಡಾರದ ದೊಡ್ಡ ವಾಡೆ, ಅದರಾಗ ನಮಗ ಎರಡು ಖೋಲಿ, ಹಿಂದ ಒಂಚೂರು ಹಿತ್ತಲ. ಆ ಹಿತ್ತಲದ ಕಾರಭಾರ ಎಲ್ಲಾ ನಮ್ಮ ಅತ್ತಿಯವರದು. ಅವರ ತವರುಮನಿ ಧಾರವಾಡದ ಕಡೆ, ಪ್ಲೇಗಿನಾಗ ಪೂರಾ ಬರಿದಾಗಿತ್ತು. ಉಳಿದದ್ದು ಅವರವ್ವ ಸೆರಗಿಗೆ ಕಟ್ಟಿ ಕಳಿಸಿದ್ದ ಹೀರಿಬೀಜದ ವಂಶ ಒಂದೇ. ವರ್ಷಾ ಬಿತ್ತಿ ವರ್ಷಾ ಬೀಜ ಹಿಡೀತಿದ್ದರು. ಆ ವರ್ಷ ಬೀಜದ ಗಡಿಗಿಗೆ ಇಲಿ ಬಾಯಿ ಹಾಕಿ, ಒಂದು ಚಿಟಿಕಿಯಷ್ಟು ಉಳದಿತ್ತು.

"ಇದೂ ಹೋದರ ನಮ್ಮವ್ವನ ಗುರುತೇ ಹೋದಂಗ ನೋಡವಾ," ಅಂತ ಅತ್ತಿ ಕಣ್ಣೊರಸಿಕೊಂಡರು.

ಯಾವ ಊರ ತಿಥಿ?

ಹೀರಿ ಬಿತ್ತೋದು ಶುಕ್ಲಪಕ್ಷದಾಗ. ಚಂದ್ರ ಬೆಳದಂಗ ಬಳ್ಳೀನೂ ಬೆಳೀತದ ಅಂತ. ಆದರ ಮುಗಿಲ ತುಂಬ ಮೋಡ, ಚಂದ್ರನ ಪತ್ತೇನ ಇಲ್ಲ. ವಾಡೆದಾಗ ನಮ್ಮ ಬಾಜೂಕ ಇದ್ದ ಮರಾಠಿ ಕಾಕೂ ತಮ್ಮ ಪಂಚಾಂಗ ತಂದು, ಇವತ್ತ ಪಾಡ್ಯ ಬಂತು, ಬಿತ್ತರಿ ಆಜಿ ಅಂದರು. ಧಾರವಾಡದಿಂದ ತರಿಸಿದ ನಮ್ಮ ಪಂಚಾಂಗದಾಗ ಇನ್ನೂ ಅಮಾಸಿ. ಕಾಕೂಗೂ ಅತ್ತಿಗೂ ಜೋರು ವಾದ ಹತ್ತಿತು.

"ಆಜಿ, ನೀವು ಇರೋದು ಪುಣೇದಾಗ ಹೌದಲ್ಲೋ?" ಅಂದರು ಕಾಕೂ.

"ನಾ ಇರತೇನವಾ. ಬೀಜ ಧಾರವಾಡದ್ದು. ಅದಕ್ಕ ನಿಮ್ಮೂರ ತಿಥಿ ಹೆಂಗ ತಿಳೀಬೇಕು?"

ತುಂಬಿದ ಹೊಟ್ಟಿ

ಬಿತ್ತುವವರ ಹೊಟ್ಟಿ ತುಂಬಿರಬೇಕು, ಇಲ್ಲಾಂದ್ರ ಕಾಯಿ ಬಡಕಲು ಆಗತಾವ ಅಂತ ಅತ್ತಿಯವರ ನಂಬಿಕಿ. ಮರುದಿನ ನಮ್ಮ ಪಂಚಾಂಗದಾಗೂ ಪಾಡ್ಯ ಬಂದಮ್ಯಾಲೆ, ಮಗನ ಕೈಗುಣ ಚಲೋ ಅಂತ ನಮ್ಮನಿಯವರನ್ನ ಕೂಡಿಸಿ ಹೋಳಿಗಿ ಬಡಿಸಿದರು. "ಸಾಕವ್ವಾ" ಅಂದಂಗೆಲ್ಲಾ "ಕಾಯಿ ದಪ್ಪ ಆಗಬ್ಯಾಡೇನೋ?" ಅಂತ ಇನ್ನೊಂದು, ಮ್ಯಾಲೆ ತುಪ್ಪ.

ಊಟಾ ಮುಗಿಸಿ ಹಿತ್ತಲ ಕಟ್ಟಿಮ್ಯಾಲೆ ಕೂತವರು ಅಲ್ಲೇ ಒರಗಿ ಗೊರಕಿ ಹೊಡೀಲಿಕ್ಕೆ ಸುರು ಮಾಡಿದರು. ಎಷ್ಟು ಎಬ್ಬಿಸಿದರೂ ಏಳವಲ್ಲರು. ವ್ಯಾಳ್ಯಾ ಮೀರತದಂತ ಅತ್ತಿ ಅವರ ಕೈಯಾಗ ಬೀಜ ಇಟ್ಟು, ಆ ಕೈಯನ್ನೇ ಹಿಡದು ಮಣ್ಣಾಗ ಊರಿಸಿದರು.

ಮೊಳಕಿ ಬರೋದು ತಡಾ ಆತು. ನನಗ ಜೀವದಾಗ ಜೀವ ಇಲ್ಲ. ಅತ್ತಿ ಮಾತ್ರ, "ಏಳತಾವ ಬಿಡವಾ. ಬಿತ್ತಿದಾತನ ಹಂಗನ, ಕರದ ಕೂಡಲೇ ಏಳೂದಿಲ್ಲ," ಅಂದರು.

ಇರಿವಿಯ ಮೆರವಣಿಗಿ

ಬಳ್ಳಿ ಹಬ್ಬಿತು, ಮಿಡಿಗಾಯಿ ಹಿಡೀತು, ಅಷ್ಟರಾಗ ಮಳಿ ಕೈಕೊಟ್ಟಿತು. ಒಂದಿನ ಅಡಿಗಿಮನಿ ಬಾಗಿಲದಾಗ ಇರಿವಿಯ ಸಾಲು ಕಂಡು ಅತ್ತಿ ಕೂಗಿದರು, "ತತ್ತಿ ಹೊತಗೊಂಡು ಹೊಂಟಾವ! ಮಳಿ ಬರತದ!"

ವಾಡೆದ ಹೆಣ್ಣುಮಕ್ಕಳೆಲ್ಲಾ ಓಡಿ ಒಣಹಾಕಿದ್ದ ಹಪ್ಪಳಾ ಎತ್ತಿದರು. ಬಳ್ಳಿ ಮಳಿನೀರೇ ಕುಡೀಲಿ ಅಂತ ಅತ್ತಿ ನೀರುಣಿಸೋದು ಬಿಟ್ಟರು. ಮಳಿ ಬರಲೇ ಇಲ್ಲ. ಬಳ್ಳಿ ಜೋತುಬಿತ್ತು, ಮಿಡಿಗಾಯಿ ಉದುರಿದವು. ಬಾಗಿಲದಾಗ ಮತ್ತ ಅದೇ ಸಾಲು ಹೊಂಟಿತ್ತು. ನಾ ಬಗ್ಗಿ ನೋಡತೇನ, ಇರಿವಿ ಹೊತ್ತದ್ದು ತತ್ತಿ ಅಲ್ಲ, ನಮ್ಮ ಡಬ್ಬಿ ರವಾ!

ಹಪ್ಪಳಾ ಎತ್ತಿದವರೇ ಕೊಡಾ ಹೊತ್ತು ಬಂದರು. ಕಾಕೂ ತಮ್ಮ ಸ್ನಾನದ ನೀರು ಸುದ್ದಾ ತಂದು ಸುರುವಿದರು. ಬಳ್ಳಿ ಬದುಕಿತು, ಆದರ ಕಾಯಿ ಉಳದದ್ದು ಒಂದೇ. ಅದನ್ನ ಬೀಜಕ್ಕ ಬಿಟ್ಟರು.

"ಮಳಿನೂ ತರಲಿಲ್ಲ, ರವಾನೂ ಬಿಡಲಿಲ್ಲ," ಅಂತ ಅತ್ತಿ ಇರಿವಿಗೆ ವಾರಗಟ್ಟಲೆ ಬೈದರು.

ಸಾಹೇಬನ ಬೆರಳು

ಅಷ್ಟರಾಗ ನಮ್ಮನಿಯವರು ಜ್ವರಾ ಬಂದು ಮಲಗಿದರು. ಅವರ ಕಚೇರಿಯ ಇಂಗ್ಲಿಷ್ ಸಾಹೇಬ ಒಳ್ಳೆ ಮನಷಾ, ನೋಡಿಹೋಗಲಿಕ್ಕೆ ಖುದ್ದು ಬಂದ. ಹೊರಡೋ ಮುಂದ ಹಿತ್ತಲದ ಕಡೆ ಕಣ್ಣು ಹೋತು. ಕೈ ನೆಟ್ಟಗ ಚಾಚಿ, ಆ ಒಂದೇ ಕಾಯಿಗೆ ಬೆರಳು ಮಾಡಿ, ಹರಕು ಮರಾಠಿಯೊಳಗ "ಅದೇನು?" ಅಂತ ಕೇಳಿದ.

ಅತ್ತಿ ಚಿಟ್ಟನೆ ಚೀರಿದರು. ಎಳೆಗಾಯಿಗೆ ಬೆರಳು ಮಾಡಿದರ ಅದು ಕೊಳೀತದ. ಮಾಡಿದವರು ಆ ಬೆರಳು ತಾವೇ ಕಚ್ಚಿಕೊಂಡರ ಮಾತ್ರ ದೋಷ ಹೋಗತದ ಅಂತ ಅವರ ನಂಬಿಕಿ. ಅತ್ತಿ ಸಾಹೇಬನ ಎದುರು ನಿಂತು, ತಮ್ಮ ಬೆರಳು ಕಚ್ಚಿ ತೋರಿಸಿ, "ಹಂಗ ಮಾಡು! ಮಾಡು!" ಅಂದರು.

"ಅವ್ವಾ, ನನ್ನ ಚಾಕರಿ!" ಅಂತ ಇವರು ಹಾಸಿಗಿಯಿಂದ ಎದ್ದು ಕೂತರು.

"ಚಾಕರಿ ಇನ್ನೊಂದು ಸಿಗತದ. ಈ ಬೀಜ ಸಿಗತದೇನೋ?"

ಸಾಹೇಬ ಇಬ್ಬರ ಮುಖಾನೂ ನೋಡಿದ. ಟೊಪಗಿ ತಗದ, ಬೆರಳು ಕಚ್ಚಿದ, ತಲಿ ಬಾಗಿಸಿ ಹೋದ.

ಜ್ವರಾ ಬಿಟ್ಟು ಇವರು ಕಚೇರಿಗೆ ಹೋದರ, ಸಾಹೇಬ ಎಲ್ಲಾರ ಮುಂದ ಎದ್ದು ನಿಂತು, ಭಾಳ ಗಂಭೀರವಾಗಿ ಬೆರಳು ಕಚ್ಚಿದನಂತ! ಧಾರವಾಡದವರ ನಮಸ್ಕಾರನ ಹಂಗ ಅಂತ ತಿಳಕೊಂಡಿದ್ದ. ಇವರೇನು ಮಾಡಬೇಕು ಪಾಪ, ತಾವೂ ಕಚ್ಚಿದರು. ದಿನಾ ಮುಂಜಾನೆ ಅದೇ ಕಥಿ. ಆಮ್ಯಾಲೆ ಉಳಿದ ಕಾರಕೂನರೂ ಸುರು ಮಾಡಿದರು.

ಕಾಯಿ ಕೊಳೀಲಿಲ್ಲ. ಬಲಿತು, ಒಣಗಿ, ಅಲುಗಾಡಿಸಿದರ ಗಿಲಿಗಿಲಿ ಅನ್ನಲಿಕ್ಕೆ ಹತ್ತಿತು. ಅತ್ತಿ ಸೆರಗು ಹಾಸಿ ಅದನ್ನ ಒಡದರು. ಕರೀ ಬೀಜ ಸೆರಗ ತುಂಬ ಸುರದವು. "ನಮ್ಮವ್ವ ಬಂದಳು," ಅಂತ ಅವುಗಳ ಮ್ಯಾಲೆ ಕೈಯಾಡಿಸಿ ಅತ್ತರು. ನಾನೂ ಅತ್ತೆ, ಇವರೂ ಅತ್ತರು.

ಆಮ್ಯಾಲೆ ಕಣ್ಣೊರಸಿಕೊಂಡು ಮಗನಿಗೆ ಅಂದರು:

"ನಾಳೆ ಸಾಹೇಬಗ ಹೇಳಪಾ. ಬೀಜ ಬಂದವು, ಇನ್ನ ಕಚ್ಚಿಕೊಳ್ಳೋದು ಸಾಕು ಅನ್ನು. ಪಾಪ, ಬೆರಳು ನೊಂದಿರಬೇಕು."