ನಡುವಿನ ಹಾಳೆ

ಹೊಸ ಚಿತ್ರಕತೆ ಪುಸ್ತಕದ ಪ್ರತಿಗಳೆಲ್ಲ ಮನೆ ಬಿಟ್ಟ ಮೇಲೆ ಮೇಜಿನ ಮೇಲೆ ಒಂದು ಹಾಳೆ ಉಳಿದಿತ್ತು. ಚಿತ್ರ ಬಿಡಿಸುವುದು, ಅಚ್ಚು ಹಾಕಿಸುವುದು, ಮಡಚಿ ಪಿನ್ ಹೊಡೆಯುವುದು, ಹಂಚುವುದು ಎಲ್ಲ ಚಿತ್ರಗಾರ ಒಬ್ಬನೇ. ತಪ್ಪಾದರೆ ಬೈಯಲಿಕ್ಕೂ ಇನ್ನೊಬ್ಬರಿಲ್ಲ. ಉಳಿದದ್ದು ನಟ್ಟನಡುವಿನ ಹಾಳೆ, ನಾಲ್ಕು ಪುಟ. ಒಂಟಿ ನಾಯಕನ ಬಾಗಿಲು ಯಾರೋ ತಟ್ಟುವುದು, ಗೆಳತಿಯೊಬ್ಬಳು ಸಿಗುವುದು, ಅವನು ನಗುವುದು ಎಲ್ಲ ಅದರಲ್ಲೇ. ಬಿಡಿಸಲು ಒಂದು ಚಳಿಗಾಲವೇ ಹೋಗಿತ್ತು. ಪುಟಸಂಖ್ಯೆ ಚಿತ್ರದ ಅಂದ ಕೆಡಿಸುತ್ತದೆಂದು ಅವನು ಹಾಕುತ್ತಿರಲಿಲ್ಲ. ಈಗ ಯಾವ ಪ್ರತಿ ಊನವಾಗಿದೆಯೆಂದು ಓದಿದವರೇ ಹೇಳಬೇಕು.

ಹಾಳೆ ಸುತ್ತಿ, ಸ್ಟೇಪ್ಲರ್ ಜೇಬಿಗಿಳಿಸಿ ಹೊರಟ.

"ಎರಡು ಸಲ ಓದ್ದೆ ಕಣೋ, ಅಳು ಬಂದ್ಬಿಡ್ತು!" ಎಂದಳು ಅಕ್ಕ. ಪುಸ್ತಕ ಅವನು ಅಂಟಿಸಿ ಕೊಟ್ಟ ಕವರಿನಲ್ಲೇ ಇತ್ತು. ಕವರು ಹರಿದು ನೋಡಿದ, ನಡುವಿನ ಹಾಳೆ ಇತ್ತು.

"ಎಲ್ಲಿ ಅಳು ಬಂತಕ್ಕ?"

"ಅದೇ... ಕೊನೇಲಿ. ಅದಿರ್ಲಿ, ಮದುವೆ ಯಾವಾಗ ಆಗ್ತೀಯ?"

ಕೆಳಮನೆ ಆಂಟಿಯ ಪ್ರತಿ ಫ್ರಿಜ್ಜಿನ ಕಾಲಡಿಯಿತ್ತು. "ಅಲುಗಾಡ್ತಿತ್ತಪ್ಪ. ನಿನ್ನ ಪುಸ್ತಕ ಇಟ್ಮೇಲೆ ಅಲ್ಲಾಡಿಲ್ಲ. ಒಳ್ಳೇ ಪುಸ್ತಕ!"

ಫ್ರಿಜ್ಜು ಎತ್ತಲು ಎದುರುಮನೆಯವನೂ ಅವನ ಭಾವಮೈದುನನೂ ಬಂದರು. ಒಬ್ಬ ಎತ್ತಿದ, ಇನ್ನೊಬ್ಬ "ಕೆಲಸಕ್ಕೆ ಯಾವಾಗ ಸೇರ್ತೀಯಾ?" ಎಂದು ಕೇಳುತ್ತ ನಿಂತ. ವಾಲಿದ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಒಂದು ಪಾತ್ರೆ ಹಾಲು ಚಿತ್ರಗಾರನ ತಲೆ ಮೇಲೆ ಸುರಿಯಿತು. ಸುಣ್ಣ ಬಳಿದ ಕಂಬದಂತೆ ನಿಂತೇ ಪುಟ ಎಣಿಸಿದ. ಹದಿನಾರೂ ಇದ್ದವು.

ಇನ್ನುಳಿದದ್ದು ಪುಸ್ತಕದಂಗಡಿ. ಅಲ್ಲಿದ್ದ ಪ್ರತಿಗಳೆಲ್ಲ ಸರಿಯಾಗಿದ್ದವು.

"ಒಂದು ಮಾರಾಟ ಆಯ್ತು," ಎಂದ ಅಂಗಡಿಯವನು, ತನಗೇ ನಂಬಿಕೆಯಿಲ್ಲದವನಂತೆ. "ಹಿಂದಿನ ಬೀದಿ ಡ್ರಿಲ್ ಮಾಸ್ತರು."

ಮಾಸ್ತರು ನಿವೃತ್ತರು, ಒಬ್ಬರೇ ಇರುವವರು. ಚಿತ್ರಗಾರ ಬಾಗಿಲು ತಟ್ಟಿದ. ತೆರೆದವರ ಕೈಯಲ್ಲಿ ಪುಸ್ತಕ. ಮತ್ತೆ ಮತ್ತೆ ಓದಿ ಅಂಚು ಮೆತ್ತಗಾಗಿತ್ತು. ಇಷ್ಟು ವರ್ಷಕ್ಕೆ ಒಬ್ಬ ಓದುಗ!

"ನೀವೇನಾ ಇದನ್ನ ಬಿಡಿಸಿದ್ದು? ಬನ್ನಿ, ಬನ್ನಿ! ನಿಮ್ಮ ನಾಯಕ ಬಾಗಿಲು ಹಾಕ್ಕೋತಾನೆ, ಪುಟ ತಿರುವಿದ್ರೆ ತಲೆ ಬೆಳ್ಳಗಾಗಿದೆ. ನಡುವೆ ಯಾರೂ ಬರ್ಲಿಲ್ಲ, ಏನೂ ಆಗ್ಲಿಲ್ಲ. ಅದೇ ಸ್ವಾಮಿ ನಿಜ! ನನ್ನ ನೋಡೇ ಬರೆದಂಗಿದೆ. ಬೇರೆಯವರಾಗಿದ್ರೆ ಅಲ್ಲೊಬ್ಬ ಹುಡುಗೀನ ತಂದು ಎಲ್ಲಾ ಕೆಡಿಸಿಬಿಡ್ತಿದ್ರು."

ಚಿತ್ರಗಾರ ಹಾಳೆಯನ್ನು ಬೆನ್ನ ಹಿಂದೆ ಸರಿಸಿದ.

"ಏನದು ಕೈಯಲ್ಲಿ?"

"ಏನಿಲ್ಲ ಸಾರ್. ರದ್ದಿ."

"ಮುಂದಿನ ಪುಸ್ತಕದಲ್ಲಿ," ಮಾಸ್ತರು ಅವನ ಭುಜ ತಟ್ಟಿದರು, "ಇನ್ನೂ ಕಮ್ಮಿ ಬಿಡಿಸಿ."