ಹತ್ತು ಗ್ರಾಂ ಸತುವಿಗೆ ಮೂರು ಗ್ರಾಂ ಕೊಸರು

ಮೋಲ್ ಲೆಕ್ಕ ಕಲಿಸುವವರಿಗೆ ಒಂದು ಅನುಕೂಲವುಂಟು: ತಪ್ಪಿದರೂ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಮೋಲೆಂದರೆ ಕಣ್ಣಿಗೆ ಕಾಣದ ಕಣಗಳ ಹೊರೆ. ಬಿಚ್ಚಿ ಎಣಿಸಿ ನೋಡುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ಶಿರಾದ ಕಾಲೇಜೊಂದರಲ್ಲಿ ಹಂಗಾಮಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದ ನಾನು ಈ ಧೈರ್ಯದ ಮೇಲೆಯೇ ದಿನ ದೂಡುತ್ತಿದ್ದೆ.

ಒಂದು ದಿನ ಪ್ರಿನ್ಸಿಪಾಲರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮುಂದಿನ ವರ್ಷಕ್ಕೂ ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನ. ಅವರು ಇತಿಹಾಸದವರು, ನನ್ನ ಸತು ಅವರಿಗೇನು ತಿಳಿದೀತು ಎಂದುಕೊಂಡು ಬೋರ್ಡಿನ ಮೇಲೆ ಲೆಕ್ಕ ಬರೆದೆ. ಕಲಬೆರಕೆ ಸತು ಹತ್ತು ಗ್ರಾಂ. ಆಮ್ಲಕ್ಕೆ ಹಾಕಿದಾಗ ಬಂದ ಹೈಡ್ರೋಜನ್ ಒಂದು ಮೋಲಿನ ಹತ್ತನೇ ಒಂದು ಪಾಲು. ಸತುವಿನ ಒಂದು ಮೋಲಿಗೆ ಅರವತ್ತೈದು ಗ್ರಾಂ ತೂಕ. ಹಾಗಾದರೆ ಅದರಲ್ಲಿ ಅಪ್ಪಟ ಸತು ಎಷ್ಟು? ಹಿಂದಿನ ದಿನ ಸೋಡಿಯಂ ಲೆಕ್ಕ ಮಾಡಿದ್ದೆ. ಅಲ್ಲಿ ಒಂದು ಮೋಲ್ ಹೈಡ್ರೋಜನ್ ಬರಬೇಕಾದರೆ ಎರಡು ಮೋಲ್ ಸೋಡಿಯಂ ಬೇಕು. ಗಾಬರಿಯಲ್ಲಿ ಅದೇ ಜಾಡು ಹಿಡಿದು ಸತುವಿಗೂ ಎರಡು ಹಾಕಿಬಿಟ್ಟೆ. ಉತ್ತರ ಹದಿಮೂರು ಗ್ರಾಂ! ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಹತ್ತು ಗ್ರಾಮಿನೊಳಗೆ ಹದಿಮೂರು ಹೇಗೆ ಹಿಡಿಸಿತು ಎಂದು ಪ್ರಿನ್ಸಿಪಾಲರು ಕೇಳಿದರು. ನಾನು ಬೋರ್ಡಿನ ಕಡೆ ತಿರುಗಿ ಲೆಕ್ಕವನ್ನು ಮೇಲಿನಿಂದ ಮತ್ತೆ ಓದತೊಡಗಿದೆ. ಅಷ್ಟರಲ್ಲಿ ನಾಗಮ್ಮ ಎದ್ದು ನಿಂತಳು. ತಾವರೆಕೆರೆ ಕಡೆಯ ಹುಡುಗಿ. ಸಂತೆಯಲ್ಲಿ ಅವರಮ್ಮನ ಜೊತೆ ಕಡಲೆಕಾಯಿ ಅಳೆದು ಮಾರಿ ಪಳಗಿದವಳು.

"ಮೂರು ಗ್ರಾಂ ಕೊಸರಿರ್ಬೇಕು ಸಾ. ಅಳ್ದಾದ್ಮೇಲೆ ಒಂದ್ ಹಿಡಿ ಮೇಲೆ ಹಾಕ್ದಿದ್ರೆ ಯಾರ್ ತಗಂತಾರೆ?"

ತಮಾಷೆಯಲ್ಲ, ಇಡೀ ಕ್ಲಾಸು ಹೌದೆಂದು ತಲೆಯಾಡಿಸಿತು. ಕೊಸರಿಲ್ಲದ ವ್ಯಾಪಾರವನ್ನು ಆ ಮಕ್ಕಳು ಕಂಡೇ ಇರಲಿಲ್ಲ. ಪ್ರಿನ್ಸಿಪಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಮುಗಿಯುವುದರೊಳಗೆ ನನಗೆ ಹೊಳೆಯಿತು: ಅಯ್ಯೋ, ಸತುವಿಗೆ ಒಂದೇ ಸಾಕಲ್ಲ! ಒರೆಸಿ ಆರೂವರೆ ಗ್ರಾಂ ಎಂದು ಬರೆದೆ. ನೂರಕ್ಕೆ ಅರವತ್ತೈದು ಪಾಲು ಅಪ್ಪಟ, ಮಿಕ್ಕಿದ್ದು ಕಸ. ಕಲಬೆರಕೆ ಕಂಡು ಅಷ್ಟು ಸಂತೋಷಪಟ್ಟವನು ಶಿರಾ ಪೇಟೆಯಲ್ಲೇ ಇನ್ನೊಬ್ಬನಿರಲಾರ.

ಸಂಜೆ ಪ್ರಿನ್ಸಿಪಾಲರು ಕರೆಸಿದರು. ಮೇಷ್ಟ್ರ ತಪ್ಪಿಗೂ ಮಕ್ಕಳು ವಕಾಲತ್ತು ವಹಿಸುವ ಕ್ಲಾಸು ಒಳ್ಳೆಯ ಕ್ಲಾಸೇ, ಮುಂದಿನ ವರ್ಷವೂ ಇರಿ ಎಂದರು. ಅಬ್ಬಾ, ಹೋದ ಜೀವ ಬಂದಂತಾಯಿತು. ಕೈಮುಗಿದು ಬಾಗಿಲ ತನಕ ಬಂದಿದ್ದೆ, ಮತ್ತೆ ಕೂಗಿದರು. ಶನಿವಾರ ಮಧ್ಯಾಹ್ನ ಫೇಲಾದವರಿಗೂ ಪಾಠ ಮಾಡಬೇಕಂತೆ. ಅದಕ್ಕೆ ಸಂಬಳ ಎಷ್ಟು ಎಂದು ಮೆಲ್ಲಗೆ ಕೇಳಿದೆ.

"ಸಂಬಳ ಎಲ್ಲೈತೆ ಮೇಷ್ಟ್ರೇ," ಎಂದರು. "ಅದು ಕೊಸರು."